ಅಮ್ಮ ಎಂಟು ಹಾಕಿದ ಬೇಸಿಗೆ

ಗಾಡಿ ಓಡಿಸುವುದು ಅಪ್ಪಂದಿರು, ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂರುವುದು ಅಮ್ಮಂದಿರು ಎಂಬುದನ್ನು ನಮ್ಮ ಬೀದಿಯಲ್ಲಿ ಯಾರೂ ಪ್ರಶ್ನಿಸದಿದ್ದ ದಿನಗಳವು. ನಾವಿದ್ದದ್ದು ತಮಿಳು ನಾಡಿನ ಕ್ರೋಂಪೇಟೆಯಲ್ಲಿ. ಕುಂದಾಪುರ ಕಡೆಯವರಾದ ಅಪ್ಪ ವಡಪಳನಿಯ ಒಂದು ಹೋಟೆಲಿನಲ್ಲಿ ಕ್ಯಾಷಿಯರ್. ಬೆಳಕು ಹರಿಯುವ ಮೊದಲೇ ಹೊರಟರೆ ನಾನು ಮಲಗಿದ ಮೇಲೆಯೇ ಅವರು ಬರುತ್ತಿದ್ದದ್ದು. ಅಮ್ಮನಿಗೆ ಇನ್ಶೂರೆನ್ಸ್ ಕಚೇರಿಯಲ್ಲಿ ಕೆಲಸ. ಬೆಳಗಿನ ಲೋಕಲ್ ಟ್ರೈನು ತಪ್ಪಿತೋ, ಅವಳ ಆ ದಿನವೇ ಕೆಟ್ಟಂತೆ. ನನ್ನ ಶಾಲೆಯೋ ಸ್ಟೇಷನ್ನಿಗೆ ತದ್ವಿರುದ್ಧ ದಿಕ್ಕಿನಲ್ಲಿತ್ತು.

ನನ್ನ ನಾಲ್ಕನೆಯ ಕ್ಲಾಸು ಮುಗಿದ ಬೇಸಿಗೆಯಲ್ಲಿ, ಮುಂದಿನ ವರ್ಷದಿಂದ ಶಾಲೆಯ ವ್ಯಾನು ನಮ್ಮ ಕಡೆಗೆ ಬರುವುದಿಲ್ಲ ಎಂದು ಗೊತ್ತಾಯಿತು. ರಜೆಯಿದ್ದ ದಿನ ಅಪ್ಪ ಊಟಕ್ಕೆ ಕೂತು ಮಾತು ತೆಗೆದರು.

"ಮಗೂನ ಊರಿಗ್ ಕಳ್ಸುವ. ಅಲ್ ಅಜ್ಜಿ ಇದ್ರ್, ಶಾಲಿ ಹತ್ರವೇ ಇತ್ತ್."

ನನಗೆ ಊರೆಂದರೆ ರಜೆ, ಮಾವಿನಹಣ್ಣು, ಹಲಸಿನ ಹಪ್ಪಳ. ಅಮ್ಮನಿಲ್ಲದೆ ಅಲ್ಲಿ ಒಂದು ಸೋಮವಾರ ಕಳೆಯುವುದನ್ನೂ ಊಹಿಸಲಾಗಲಿಲ್ಲ. ಅಮ್ಮ ಮಾತ್ರ ಸಾರು ಬಡಿಸುತ್ತಾ, "ನಾನ್ ಇನ್ ಗಾಡಿ ಕಲ್ತ್ಕಂತೆ," ಎಂದಳು.

ಅಪ್ಪ ನಕ್ಕರು. "ನಿಂಗೆ ಸೈಕಲ್ಲೇ ಬತ್ತಿಲ್ಲೆ!"

"ಶಾಲಿ ಶುರು ಆಪುದ್ರೊಳ್ಗೆ ಲೈಸೆನ್ಸ್ ಸಿಕ್ಕದಿದ್ರೆ ಕಳ್ಸಿ. ಸಿಕ್ರೆ ಮಗು ಇಲ್ಲೇ."

ಕಲಿಸಲು ಬಂದವನು ಚಿಕ್ಕಪ್ಪ. ಅವನದು ಬೆಸೆಂಟ್ ನಗರದ ಹೋಟೆಲಿನಲ್ಲಿ ಕೆಲಸ. ಗಳಿಸಿದ್ದನ್ನೆಲ್ಲ ಸುರಿದು ಒಂದು ದೈತ್ಯ ಬೈಕು ತೆಗೆದುಕೊಂಡಿದ್ದ. ಅದರ ಮೇಲೆ ಅಮ್ಮ ಕೂತರೆ ಒಂದು ಕಾಲು ಮಾತ್ರ ನೆಲ ಮುಟ್ಟುತ್ತಿತ್ತು, ಅದೂ ಬೆರಳ ತುದಿಯಲ್ಲಿ. ಎರಡನೆಯ ದಿನವೇ ಗಾಡಿ ಅವಳ ಮೇಲೆ ವಾಲಿತು. ಸೈಲೆನ್ಸರ್ ತಾಗಿ ಮೀನಖಂಡ ಸುಟ್ಟಿತು. ರಾತ್ರಿ ಅವಳು ಕಾಲಿಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುವುದನ್ನು ನೋಡುತ್ತಾ, ನನ್ನ ಬಟ್ಟೆಗಳನ್ನು ಟ್ರಂಕಿಗೆ ತುಂಬುವ ದಿನ ದೂರವಿಲ್ಲ ಎಂದುಕೊಂಡೆ.

ಆದರೆ ಅಮ್ಮ ಹಟಮಾರಿ. ನಮ್ಮ ಹಾಲಿನವರು ಹೊಸ ಗಾಡಿ ಕೊಂಡು ತಮ್ಮ ಹಳೆಯ ಐವತ್ತು ಸಿಸಿಯ ಮೊಪೆಡ್ಡನ್ನು ಮಾರಲು ನೋಡುತ್ತಿದ್ದರು. ಅಮ್ಮ ಅದರ ಮೇಲೆ ಕೂತು ನೋಡಿದಳು. ಎರಡು ಪಾದಗಳೂ ಪೂರ್ತಿಯಾಗಿ ನೆಲಕ್ಕೆ ಊರಿದವು. ಕೆಳಗಿಳಿದು ಹಿಂಭಾಗವನ್ನು ಎರಡು ಕೈಯಲ್ಲಿ ಹಿಡಿದು ಎತ್ತಿದಳು, ಎತ್ತಲಾಯಿತು. "ಇದ್ ನನ್ ಮಾತ್ ಕೇಂತ್," ಎಂದು ಅದನ್ನೇ ಕೊಂಡಳು.

ಗೇರಿಲ್ಲ, ಗುಡುಗಿಲ್ಲ, ಪೆಟ್ರೋಲು ಮುಗಿದರೆ ಪೆಡಲು ತುಳಿಯಬಹುದು. ಚಿಕ್ಕಪ್ಪ ಅದರ ಸದ್ದು ಕೇಳಿ ಬಿದ್ದು ಬಿದ್ದು ನಕ್ಕ. "ಅತ್ತಿಗೆ, ಇದ್ ಗಾಡಿ ಅಲ್ಲ ಮಾರಾಯ್ತಿ, ಹೊಲಿಗೆ ಮಷಿನ್ನಿಗೆ ಚಕ್ರ ಹಾಕಿದ್ದ್!"

ಅಲ್ಲಿನ ಲೈಸೆನ್ಸ್ ಪರೀಕ್ಷೆಯೆಂದರೆ ಎಂಟು ಹಾಕುವುದು. ನೆಲದ ಮೇಲೆ ಬರೆದ ಇಂಗ್ಲಿಷ್ ಎಂಟರ ಅಂಕಿಯ ಮೇಲೆ, ಕಾಲು ಊರದೆ ಗಾಡಿ ತಿರುಗಿಸಬೇಕು. ನಮ್ಮ ಮನೆಯ ಹತ್ತಿರ ಚರ್ಮ ಹದಮಾಡುವ ಕಾರ್ಖಾನೆಯೊಂದು ಮುಚ್ಚಿಹೋಗಿತ್ತು. ಅದರ ಹಿಂದಿನ ಬಯಲಿನಲ್ಲಿ ಅಮ್ಮ ದಿನಾ ಸಂಜೆ ರಂಗೋಲಿ ಪುಡಿಯಿಂದ ದೊಡ್ಡದೊಂದು ಎಂಟು ಬರೆಯುತ್ತಿದ್ದಳು. ಅದು ಚೂರು ಸೊಟ್ಟಗಾದರೂ ಅವಳಿಗೆ ತಡೆಯದು. ಗಾಡಿಯಿಂದ ಇಳಿದು, ಕಾಲಲ್ಲಿ ಅಳಿಸಿ, ಮತ್ತೆ ಬರೆಯುವಳು. ಒಂದು ಸೊನ್ನೆಯ ನಡುವೆ ನಾನು, ಇನ್ನೊಂದರ ನಡುವೆ ಪಕ್ಕದ ಮನೆಯ ಸೆಲ್ವಿ ಕಂಬಗಳಂತೆ ನಿಲ್ಲುತ್ತಿದ್ದೆವು. ಕೈಯಲ್ಲಿ ಖಾರದಪುಡಿ ಹಚ್ಚಿದ ಮಾವಿನಕಾಯಿ. ಹಳೆಯ ಚರ್ಮದ ವಾಸನೆ, ಪೆಟ್ರೋಲಿನ ಹೊಗೆ, ಗಾಡಿಯನ್ನು ಬಿಟ್ಟು ಹೋಗದ ಹಾಲಿನ ಹುಳಿ, ಎಲ್ಲ ಸೇರಿ ಮೂಗಿಗೆ ಬಡಿಯುತ್ತಿತ್ತು.

ಹಾರನ್ ಒಂದು ಅವಳ ಬೆರಳಿಗೆ ಸಿಗುತ್ತಲೇ ಇರಲಿಲ್ಲ. ಯಾರಾದರೂ ಅಡ್ಡ ಬಂದರೆ ಬಾಯಿಯೇ ಹಾರನ್: "ಹ್ವಾಯ್, ಬದಿಗ್ ಹೋಯ್ನಿ!"

"ಅಮ್ಮಾ, ಹಾರನ್ ಅಡಿಮ್ಮಾ!" ಹಾರನ್ ಒತ್ತು ಎಂದು ನಾನು ತಮಿಳಿನಲ್ಲಿ ಕಿರುಚುತ್ತಿದ್ದೆ. ಅವಳು ಕನ್ನಡದಲ್ಲಿ ಬೈದರೆ ನಾನು ತಮಿಳಿನಲ್ಲಿ ಉತ್ತರ ಕೊಡುವುದು ನಮ್ಮ ಮನೆಯ ಪದ್ಧತಿ.

ಪರೀಕ್ಷೆಯ ದಿನ ಚಿಕ್ಕಪ್ಪ ರಜೆ ಹಾಕಿ ಬಂದ. ಅಮ್ಮನಿಗಿಂತ ಮೊದಲು ದೊಡ್ಡ ಬೈಕಿನ ಒಬ್ಬ ಯುವಕ ಹೋದ. ಮೊದಲ ತಿರುವಿನಲ್ಲೇ ಅವನ ಕಾಲು ನೆಲಕ್ಕೆ ಬಂತು. ಇನ್ಸ್‌ಪೆಕ್ಟರು ಕೈ ಬೀಸಿ ಕಳಿಸಿಬಿಟ್ಟರು. ಸದಾ ಗೇಲಿ ಮಾಡುವ ಚಿಕ್ಕಪ್ಪ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ.

ಅಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟಳು. ಮೊದಲ ಸೊನ್ನೆ ಮುಗಿಯಿತು. ಎರಡನೆಯದರ ನಡುವೆ ಎಲ್ಲಿಂದಲೋ ಒಂದು ನಾಯಿ ಬಂದು ಗೆರೆಯ ಮೇಲೆಯೇ ನಿಂತಿತು. ನಾನು ಕಣ್ಣು ಮುಚ್ಚಿಕೊಂಡೆ.

"ಹ್ವಾಯ್, ಬದಿಗ್ ಹೋಯ್ನಿ!"

ಕಣ್ಣು ತೆರೆದಾಗ ನಾಯಿ ಬದಿಗೆ ಹೋಗಿತ್ತು. ಅಮ್ಮ ಕಾಲು ಊರದೆ ತಿರುಗುತ್ತಲೇ ಇದ್ದಳು. ನಾಯಿಗೂ ಬಹುವಚನ ಕೊಟ್ಟಳಲ್ಲ ಎಂದು ಚಿಕ್ಕಪ್ಪನಿಗೆ ನಗು ತಡೆಯಲಾಗಲಿಲ್ಲ. ಒಂದು ಎಂಟು ಮುಗಿದರೂ ನಿಲ್ಲಿಸದೆ ಅಮ್ಮ ಇನ್ನೊಂದಕ್ಕೆ ಹೊರಟಾಗ ಇನ್ಸ್‌ಪೆಕ್ಟರೇ, "ಪೋದುಮ್ಮಾ, ಪೋದುಂ," ಸಾಕು ಎಂದು ನಕ್ಕರು. ನಾನು ಓಡಿ ಹೋಗಿ ಅವಳ ಸೊಂಟ ತಬ್ಬಿಕೊಂಡು ಜೋರಾಗಿ ಅತ್ತೆ. ಆ ಸಂಜೆ ಅಪ್ಪ ಎಂದಿಗಿಂತ ಬೇಗ ಬಂದರು, ಹೋಟೆಲಿನಿಂದ ಮೈಸೂರುಪಾಕು ತಂದರು. ಊರಿನ ಮಾತು ಮತ್ತೆ ಎತ್ತಲಿಲ್ಲ.

ಆಮೇಲೆ ಶಾಲೆ ಮುಗಿಯುವವರೆಗೂ ಅಮ್ಮ ನನ್ನನ್ನು ದಿನಾ ಆ ಮೊಪೆಡ್ಡಿನಲ್ಲೇ ಶಾಲೆಗೆ ಬಿಟ್ಟಳು. ನಮ್ಮ ವೇಗಕ್ಕೆ ಸೈಕಲ್ಲಿನವರೂ ಜೊತೆಗೇ ಬಂದು ಮಾತಾಡುತ್ತಿದ್ದರು. ಎಂಜಿನ್ನಿನ ಸದ್ದು ನಮ್ಮ ಮಾತನ್ನು ನುಂಗುತ್ತಿರಲಿಲ್ಲ. ಮಗ್ಗಿ, ಜಗಳ, ಹಾಡು ಎಲ್ಲ ಅದರ ಮೇಲೆಯೇ ಆದವು. ಅವಳ ಬೆನ್ನಿಗೆ ಕೆನ್ನೆ ಒತ್ತಿ ನಾನು ಎಷ್ಟೋ ಸಲ ನಿದ್ದೆ ಹೋಗಿದ್ದೇನೆ.

ನಾನು ಕಾಲೇಜಿಗೆ ಸೇರಿ ಬಸ್ ಪಾಸ್ ಸಿಕ್ಕ ವಾರವೇ ಅಮ್ಮ ಗಾಡಿಯನ್ನು ಬೀದಿಯಲ್ಲಿ ಹೂ ಮಾರುವವಳಿಗೆ ಕೊಟ್ಟುಬಿಟ್ಟಳು. ನನಗೆ ಸಿಟ್ಟು ಬಂತು. ಯಾಕೆಂದು ಕೇಳಿದೆ.

"ದಿನಾ ಎದಿ ಡವಡವ ಅಂತಿತ್ತ್ ಮಗಾ. ಲಾರಿ ಕಂಡ್ರೆ ಕೈ ನಡುಗ್ತಿತ್ತ್. ಇನ್ ಸಾಕ್."

ಈಗ ನನಗೂ ಒಂದು ಪುಟ್ಟ ಬೈಕಿದೆ. ದೊಡ್ಡದು ನನಗೆ ಬೇಕೆನಿಸಲೇ ಇಲ್ಲ. ರಸ್ತೆಗಳು ಅಗಲವಾಗಿವೆ, ಆ ಬಯಲಿನಲ್ಲಿ ಅಪಾರ್ಟ್‌ಮೆಂಟು ಎದ್ದಿದೆ. ಆದರೆ ಅಮ್ಮನ ಆ ಮಾತು ಕೇಳಿದ ಮೇಲೆ ನಾನು ಕಳೆದುಕೊಂಡದ್ದು ಏನೆಂದು ತಿಳಿಯಿತು. ಅಷ್ಟು ವರ್ಷ ಮುಂದೆ ಕೂತವಳು ಹೆದರುತ್ತಿದ್ದಳು, ಹಿಂದೆ ಕೂತ ನನಗೆ ಹೆದರಿಕೆ ಎಂದರೇನೆಂದೇ ಗೊತ್ತಿರಲಿಲ್ಲ. ಅಷ್ಟು ನಿಶ್ಚಿಂತೆಯಿಂದ ಕೂರುವ ಜಾಗ ನನಗೆ ಇನ್ನೆಲ್ಲೂ ಸಿಕ್ಕಿಲ್ಲ.