ಸೈಲೆನ್ಸರ್‌ಗೆ ತುಂಬಿದ ನೂಲು

ನಾನು ಮೊದಲಿನಿಂದಲೂ ಅಂಜುಬುರುಕ. ನಾಯಿಗೆ ಅಂಜುತ್ತೇನೆ, ಸೂಜಿಗೆ ಅಂಜುತ್ತೇನೆ, ಬ್ಯಾಂಕಿನಲ್ಲಿ ಸಹಿ ಮಾಡುವಾಗ ಕೂಡ ನನ್ನ ಕೈ ನಡುಗುತ್ತದೆ. ಎಲ್ಲಕ್ಕಿಂತ ಹೆಚ್ಚು ಅಂಜುವುದು ಅವ್ವನ ಬಾಯಿಗೆ. ಇಂಥವನ ಬೈಕು ಸ್ವಲ್ಪ ದಿನ ಬೆಟಗೇರಿಯ ನಮ್ಮ ಓಣಿಯನ್ನೇ ನಡುಗಿಸಿತ್ತು ಎಂದರೆ ನಂಬುವವರು ಕಡಿಮೆ.

ಅದು ಶೋಕಿಗೆ ಮಾಡಿದ್ದಲ್ಲ. ನನ್ನ ಹಳೇ ಬೈಕಿನ ಸೈಲೆನ್ಸರ್ ತುಕ್ಕು ತಿಂದು ತೂತು ಬಿದ್ದಿತ್ತು. ಹೊಸದರ ಬೆಲೆ ಕೇಳಿದೆ, ಕೇಳಿದಷ್ಟೇ ಬೇಗ ಅಂಗಡಿಯ ಮೆಟ್ಟಿಲು ಇಳಿದೆ. ನಾನು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದೇನೆ, ಅವ್ವ ಮನೆಯಲ್ಲಿ ಕೈಮಗ್ಗದ ಮೇಲೆ ಸೀರೆ ನೇಯುತ್ತಾಳೆ. ಮನೆಯಲ್ಲಿ ನಾವಿಬ್ಬರೇ. ತಂಗಿಯನ್ನು ಡಂಬಳಕ್ಕೆ ಕೊಟ್ಟಿದ್ದೇವೆ, ಅವಳಿಗೆ ಆಗ ಏಳನೆಯ ತಿಂಗಳು. ಕುಬಸದ, ಅಂದರೆ ಸೀಮಂತದ, ಖರ್ಚು ಮುಂದಿರುವಾಗ ಹೊಸ ಸೈಲೆನ್ಸರ್ ಎಂಬ ಮಾತನ್ನು ಮನೆಯಲ್ಲಿ ಎತ್ತುವ ಧೈರ್ಯ ನನಗಿರಲಿಲ್ಲ.

ಗುಜರಿ ಅಂಗಡಿಯಲ್ಲಿ ಹುಡುಕಿದಾಗ ಥಳಥಳ ಹೊಳೆಯುವ ಒಂದು ಗಿಡ್ಡ ಸೈಲೆನ್ಸರ್ ಸಿಕ್ಕಿತು. ಯಾರೋ ಶೋಕಿವಾಲ ತನ್ನ ದೊಡ್ಡ ಬೈಕಿಗೆ ಹಾಕಿಸಿ, ಬೇಸತ್ತು ಬಿಚ್ಚಿ ಒಗೆದದ್ದಿರಬೇಕು. ನನ್ನ ಬೈಕಿನ ಪೈಪಿಗೆ ಅದರ ಬಾಯಿ ಹೊಂದಲಿಲ್ಲ. ಮನೆಗಳ ಗೇಟು, ಕಿಟಕಿ ಮಾಡುವ ವೆಲ್ಡಿಂಗ್ ಅಂಗಡಿಗೆ ಒಯ್ದೆ. ಅವರು ನಡುವೆ ಒಂದು ಪೈಪಿನ ತುಂಡು ಬೆಸೆದು, ಕಬ್ಬಿಣದ ಪಟ್ಟಿ ಬಿಗಿದು ಕೂಡಿಸಿಕೊಟ್ಟರು. ಹಿಂದಿನ ತುದಿ ತುಸು ಮೇಲಕ್ಕೆ ಮುಖ ಮಾಡಿ ನಿಂತಿತು.

"ಗೇಟಿನಂಗ ಗಟ್ಟಿ ಆಗೇತ್ರಿ. ನಿಮ್ಮ ಗಾಡಿ ಮುರದ್ರೂ ಇದು ಮುರಿಯಂಗಿಲ್ಲ" ಎಂದರು ವೆಲ್ಡಿಂಗಿನವರು.

ಮನೆ ಮುಂದೆ ತಂದು ಕಿಕ್ ಹೊಡೆದೆ. ಎದುರು ಮನೆಯ ತಗಡಿನ ಪತ್ರಾಸಿನ ಮೇಲಿನ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು. ಅವ್ವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಲ್ಲಿಂದಲೇ ಕೂಗಿದಳು: "ಏನ್ ಒಡೀತಲೇ ಅದು?"

ಆ ಸಪ್ಪಳಕ್ಕೆ ನಾನು ಅಂಜಿದ್ದು ಅಲ್ಲಿಂದ ಶುರುವಾಯಿತು. ನಾಲ್ಕನೆಯ ದಿನ ಬಸ್ ಸ್ಟ್ಯಾಂಡಿನ ಹತ್ತಿರ ಪೊಲೀಸರು ಕೈ ಅಡ್ಡ ಹಾಕಿದರು. ನನ್ನ ಮುಖ ನೋಡಿ ಅವರಿಗೇ ನಗು ಬಂತೇನೋ, ದಂಡ ಹಾಕಲಿಲ್ಲ. "ಇನ್ನೊಮ್ಮಿ ಈ ಸಪ್ಪಳ ಕೇಳಿಸ್ತಂದ್ರ ಬಿಚ್ಚಿಸಿ ರೋಲರ್ ಕೆಳಗ ಹಾಕಸ್ತೀನಿ ನೋಡ್ರಿ" ಎಂದಷ್ಟೇ ಹೇಳಿ ಬಿಟ್ಟರು. ಅವತ್ತಿನಿಂದ ಸರ್ಕಲ್ ಬಂದರೆ ಸಾಕು, ಬೈಕು ಬಂದ್ ಮಾಡಿ ತಳ್ಳಿಕೊಂಡು ದಾಟುತ್ತಿದ್ದೆ. ಪ್ರೆಸ್ಸಿನ ಗೆಳೆಯರಿಗೆ ಅದೇ ಒಂದು ತಮಾಷೆಯಾಯಿತು. "ಗಾಡಿ ನಿನ್ನ ಹೊತಗೊಂಡು ಹೋಗಬೇಕೋ, ನೀ ಗಾಡಿ ಹೊತಗೊಂಡು ಹೋಗಬೇಕೋ?" ಎಂದು ಕಾಡುತ್ತಿದ್ದರು.

ಕುಬಸಕ್ಕೆ ಮೂರು ದಿನ ಉಳಿದಾಗ ಓಣಿಯ ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಸೈಲೆನ್ಸರ್‌ನ ಬಾಯಿಯೊಳಗೆ ಬೆರಳು ಹಾಕಿ ನೋಡಿ ಹೇಳಿದರು: "ಇದರೊಳಗ ನಡುವ ತೂತಿನ ಕೊಳವಿ ಇರತೈತ್ರಿ. ಅದರ ಸುತ್ತ ಗಾಜಿನ ನೂಲು ತುಂಬಿರ್ತಾರ, ಹಿಂಜಿದ ಹತ್ತಿಯಂಗ ಇರತೈತಿ. ಸಪ್ಪಳಾ ನುಂಗೂದು ಅದಾ. ನಿಮ್ಮದರಾಗ ಎಲ್ಲಾ ಹಾರಿ ಹೋಗೇತಿ. ಹುಬ್ಬಳ್ಳಿಯಿಂದ ತರಸಬೇಕು, ಎಂಟ ದಿವಸ ಹಿಡೀತೈತಿ."

ಗಾಜಿನ ನೂಲು ಸುಡುವುದಿಲ್ಲ, ಅದಕ್ಕೇ ಅದನ್ನು ತುಂಬುತ್ತಾರೆ ಎಂದೂ ಅವರು ಹೇಳಿದರು. ನನ್ನ ತಲೆಯಲ್ಲಿ ಉಳಿದದ್ದು ಹಿಂಜಿದ ಹತ್ತಿ ಎಂಬ ಮಾತು ಮಾತ್ರ. ನಮ್ಮ ಮನೆಯಲ್ಲಿ ನೂಲಿಗೇನು ಬರವೇ? ಮಗ್ಗದ ಪಕ್ಕದ ಚೀಲದಲ್ಲಿ ಅವ್ವ ಕತ್ತರಿಸಿ ಹಾಕಿದ ನೂಲಿನ ತುದಿಗಳು ಗಂಟಲಮಟ ತುಂಬಿದ್ದವು, ಹತ್ತಿ, ರೇಷ್ಮೆ ಎಲ್ಲ ಕೂಡಿಕೊಂಡು. ಅದರಲ್ಲೇ ಆರಿಸಿ ಅವ್ವ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಬತ್ತಿ ಮಾಡುವ ನೂಲು ಸುಡುತ್ತದೆಂದು ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಒತ್ತಿ ಒತ್ತಿ ತುಂಬಿದರೆ ಗಾಳಿಯಾಡದೆ ಸುಡುವುದಿಲ್ಲ ಎಂದು ನನ್ನ ಪರ ನಾನೇ ವಕೀಲಿ ಮಾಡಿದೆ. ಅವ್ವ ಪೇಟೆಗೆ ಹೋದದ್ದನ್ನು ನೋಡಿ, ಸೈಲೆನ್ಸರ್‌ನ ಹಿಂದಿನ ಮುಚ್ಚಳ ಬಿಚ್ಚಿ, ಚೀಲದ ಅರ್ಧ ನೂಲನ್ನು ಕಬ್ಬಿಣದ ಸಳಿಯಿಂದ ಒಳಗೆ ಗಿಡಿದು ಬೋಲ್ಟ್ ಬಿಗಿದೆ. ಓಣಿಯಲ್ಲಿ ಎರಡು ಸುತ್ತು ಹೊಡೆದು ನೋಡಿದರೆ ಬೆಕ್ಕು ಗುರುಗುಟ್ಟಿದಷ್ಟೇ ಸದ್ದು. ಎಷ್ಟು ಹಗುರಾದೆನೆಂದರೆ ಆ ದಿನ ಸರ್ಕಲ್ಲಿನಲ್ಲಿ ಪೊಲೀಸರ ಮುಂದೆ ಬೇಕೆಂದೇ ನಿಧಾನವಾಗಿ ಹೋದೆ.

ಕುಬಸದ ದಿನ ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಮಗಳಿಗೆಂದು ಅವ್ವ ತಾನೇ ನೇಯ್ದ ಹಸಿರು ಸೀರೆ, ರೇಷ್ಮೆ ಸೆರಗಿನದು, ಬಿಳಿ ಬಟ್ಟೆಯ ಗಂಟಿನಲ್ಲಿ ಅವಳ ತೊಡೆಯ ಮೇಲಿತ್ತು. ಅವಳು ಉಟ್ಟದ್ದು ಮಾತ್ರ ಅಂಗಡಿಯ ಪಾಲಿಸ್ಟರ್. ನಮ್ಮ ಓಣಿಯಲ್ಲಿ ನೇಯುವವರು ಉಡುವುದು ಹೆಚ್ಚಾಗಿ ಅದನ್ನೇ, ನೇಯ್ದದ್ದು ಮಾರಾಟಕ್ಕೆ. ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಅಡ್ಡ ಕೂತು, ಬಲಗೈಯನ್ನು ನನ್ನ ಹೆಗಲ ಮೇಲಿಟ್ಟಳು. ಸೈಲೆನ್ಸರ್ ಬಲಕ್ಕೆ, ಅವಳ ಬೆನ್ನ ಹಿಂದೆ.

ಗದಗ ದಾಟಿ ಮುಂಡರಗಿ ರಸ್ತೆಗೆ ಬಿದ್ದೆವು. ಎರಡೂ ಬದಿಗೆ ಕರಿ ಹೊಲ, ದೂರದಲ್ಲಿ ತಿರುಗುವ ಗಾಳಿಯಂತ್ರಗಳು. ಬಲಗಡೆಯಿಂದ ಗಾಳಿ ಜೋರಾಗಿ ಹೊಡೆಯುತ್ತಿತ್ತು. ಸ್ವಲ್ಪ ದೂರಕ್ಕೆ ಅವ್ವ ಕೇಳಿದಳು: "ಏನೋ ಸುಟ್ಟ ವಾಸನಿ ಬರಾಕತ್ತೈತಲ್ಲೋ?"

ನನಗೂ ಬಂದಿತ್ತು.

"ಯಾರೋ ಹೊಲದಾಗ ಕಸಾ ಸುಡಾಕತ್ತಿರಬೇಕು ಬೇ" ಎಂದೆ.

ಆದರೆ ಅವ್ವನ ಮೂಗು ಎಂಥದ್ದೆಂದು ನನಗೆ ಗೊತ್ತಿತ್ತು. ವ್ಯಾಪಾರಿ ತಂದ ನೂಲಿನ ಮೇಲೆ ಅನುಮಾನ ಬಂದರೆ ಅವಳು ಒಂದು ಎಳೆ ಕಿತ್ತು ಕಡ್ಡಿ ಗೀರುತ್ತಾಳೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ, ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಕರಗಿ ಗುಂಡಾಗಿ ಅಂಟಿಕೊಂಡರೆ ಪಾಲಿಸ್ಟರ್. ಇಂಥವಳನ್ನು ಹಿಂದೆ ಕೂರಿಸಿಕೊಂಡು ಕಸದ ಸುಳ್ಳು ಹೇಳಿದ್ದೆ. ಇನ್ನೊಂದೆರಡು ಮೈಲಿ ಹೋಗುವಷ್ಟರಲ್ಲಿ ವಾಸನೆ ಬದಲಾಯಿತು. ಕೂದಲು ಸುಟ್ಟ ವಾಸನೆ.

"ಲೇ ತಮ್ಮಾ, ಇದು ಕಸದ ವಾಸನಿ ಅಲ್ಲೋ" ಎಂದಳು. ಅವಳ ದನಿ ಮೆತ್ತಗಿತ್ತು. ಅವ್ವ ಮೆತ್ತಗೆ ಮಾತಾಡಿದರೆ ನನಗೆ ಇನ್ನೂ ಹೆದರಿಕೆ.

"ಟೈರ್ ಗೀರ್ ಹಾಕಿರಬೇಕವ್ವಾ ಬೆಂಕಿಗೆ. ಇನ್ನೇನ್ ಡಂಬಳ ಬಂತು."

ಡಂಬಳ ಇನ್ನೂ ಎಷ್ಟೋ ದೂರವಿತ್ತು. ನಿಲ್ಲಿಸಬೇಕೆಂದು ಕೈಗೆ ಅನ್ನಿಸುತ್ತಿತ್ತು, ಆದರೆ ನಿಲ್ಲಿಸಿದರೆ ಅವ್ವ ಕೆಳಗಿಳಿಯುತ್ತಾಳೆ, ಮುಚ್ಚಳ ಬಿಚ್ಚಿಸುತ್ತಾಳೆ, ತನ್ನ ನೂಲನ್ನು ನೋಡುತ್ತಾಳೆ, ಕುಬಸದ ಮನೆಯಲ್ಲಿ ಬೀಗರ ಮುಂದೆ ನನ್ನ ಮಾನ ಹರಾಜಿಗಿಡುತ್ತಾಳೆ. ಹೇಗಾದರೂ ಊರು ಮುಟ್ಟಿಸಿದರೆ ಯಾರಿಗೂ ಗೊತ್ತಾಗದಂತೆ ತೆಗೆದು ಒಗೆಯಬಹುದು ಎಂದು ಇನ್ನಷ್ಟು ಜೋರು ಓಡಿಸಿದೆ. ಗಾಳಿ ಸಿಕ್ಕಷ್ಟೂ ನೂಲು ಉರಿಯುತ್ತದೆ ಎಂಬುದು ಆಗ ಹೊಳೆಯಲಿಲ್ಲ. ಅಷ್ಟರಲ್ಲಿ ಅವ್ವ ನನ್ನ ಹೆಗಲ ಮೇಲಿನ ಕೈ ತೆಗೆದಳು. ಸೀರೆಯ ಗಂಟನ್ನು ನನ್ನ ಬೆನ್ನಿಗೂ ತನ್ನ ಮೈಗೂ ನಡುವೆ ಗಟ್ಟಿಯಾಗಿ ತುರುಕಿದಳು. ಸಿಟ್ಟಿಗೆದ್ದಳು ಎಂದುಕೊಂಡೆ. ಹಿಂದೆ ತಿರುಗಿ ಅವಳ ಮುಖ ನೋಡಲು ಧೈರ್ಯ ಸಾಲಲಿಲ್ಲ. ಕನ್ನಡಿ ಇತ್ತು, ಅದನ್ನೂ ನೋಡಲಿಲ್ಲ.

ಒಂದು ತಿರುವು ದಾಟಿದ ಕೂಡಲೇ ಮುಂದೆ ರಸ್ತೆಯ ತುಂಬ ಹುರುಳಿ ಹರವಿದ್ದರು. ಆ ದಿನಗಳಲ್ಲಿ ನಮ್ಮ ಕಡೆ ಇದು ಇದ್ದದ್ದೇ. ಕಿತ್ತ ಹುರುಳಿ ಬಳ್ಳಿಯನ್ನು ಡಾಂಬರಿನ ಮೇಲೆ ಹಾಕಿ, ಹೋಗಿಬರುವ ಗಾಡಿಗಳ ಗಾಲಿಯಿಂದಲೇ ಕಾಳು ಬಿಡಿಸಿಕೊಳ್ಳುತ್ತಾರೆ. ಮೊಣಕಾಲಷ್ಟು ಎತ್ತರ, ಒಣಗಿ ಗರಿಗರಿಯಾದದ್ದು. ಕಡ್ಡಿ ತಾಕಿಸಿದರೆ ಹತ್ತುವಂಥದ್ದು. ಆಗಲಾದರೂ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಜಲ್ದಿ ದಾಟಿಬಿಡುತ್ತೇನೆ ಎಂದು ನುಗ್ಗಿಸಿದೆ.

ನಡುಮಧ್ಯಕ್ಕೆ ಬಳ್ಳಿ ಹಿಂದಿನ ಗಾಲಿಗೆ ಸುತ್ತಿಕೊಂಡಿತು. ಬೈಕು ಕೆಮ್ಮಿ ನಿಂತಿತು. ಸೈಲೆನ್ಸರ್‌ನ ಬಾಯಿಂದ ಕೆಂಪು ಕಿಡಿಗಳು ಬುಸ್ಸೆಂದು ಉದುರಿದವು. ಪಕ್ಕದ ಹೊಟ್ಟಿನಿಂದ ಮೊದಲು ಹೊಗೆ ಎದ್ದಿತು, ಹಿಂದೆಯೇ ಉರಿ.

ಅವ್ವ ಗಂಟು ಅವಚಿಕೊಂಡು ಹಾರಿ ಇಳಿದಳು. "ಇಳಿಯೋ! ಇಳಿಯೋ ನನ ಮಗನ!" ಎಂದು ಕಿರುಚಿದಳು. ನಾನು ಹ್ಯಾಂಡಲ್ ಹಿಡಿದು ಕೂತೇ ಇದ್ದೆ. ಅವ್ವನೇ ಅಂಗಿಯ ಕೊರಳುಪಟ್ಟಿ ಹಿಡಿದು ಎಳೆದಳು. ಬೇವಿನ ಗಿಡದ ಕೆಳಗಿದ್ದ ರೈತ ಗಂಡ ಹೆಂಡತಿ ಓಡಿ ಬಂದರು. ಹೆಂಡತಿ ಕುಡಿಯುವ ನೀರಿನ ಕೊಡವನ್ನೇ ತಂದು ಸೈಲೆನ್ಸರ್ ಮೇಲೆ ಸುರಿದಳು. ಗಂಡ ಕವೆಗೋಲಿನಿಂದ ಉರಿಯುವ ಹೊಟ್ಟನ್ನು ಎಳೆದೆಳೆದು ಬೇರೆ ಮಾಡಿದ. ಅವ್ವ ಹೊಲದ ಮಣ್ಣು ತಂದು ತಂದು ಚೆಲ್ಲಿದಳು, ಒಂದೇ ಕೈಯಿಂದ. ಎಲ್ಲ ಆರಿದ ಮೇಲೆ ಒಂದು ಹೊರಸಿನಷ್ಟು ಜಾಗ ಕಪ್ಪಾಗಿತ್ತು.

"ಬುದ್ಧಿಗಿದ್ಧಿ ಐತೇನ್ಲೇ ನಿನಗ?" ರೈತ ನನ್ನ ಮೇಲೆ ಬಂದ. "ನಿನ್ನ ಗಾಡಿ ಹೊಗಿ ನಮಗ ಅಷ್ಟ ದೂರದಿಂದ ಕಂಡತಿ. ಹೆಣ್ಣಮಗಳನ್ನ ಹಿಂದ ಕುಂಡ್ರಿಸಿಕೊಂಡು ಹೊಂಟೀಯಲ್ಲ, ನಿನಗ ಕಾಣಲಿಲ್ಲೇನು?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಅಂದಳು: "ತಪ್ಪಾತ್ರೀ ಯಪ್ಪಾ. ಅಂಜಿ ನಿಲ್ಲಸಲಿಲ್ಲ ಅಂವ."

ಎಲ್ಲಿಗೆ ಹೊರಟಿರಿ ಎಂದು ಹೆಂಡತಿ ಕೇಳಿದಳು. ಮಗಳ ಕುಬಸ ಎಂದು ಕೇಳಿದ ಮೇಲೆ ಗಂಡನಿಗೆ, "ಆತು ಬಿಡ್ರಿ, ಕುಬಸಕ್ಕ ಹೊಂಟವರನ್ನ ಬೈದು ಕಳಸಬ್ಯಾಡ್ರಿ" ಎಂದಳು. ಬೈಕನ್ನು ಅವರ ಬೇವಿನ ಗಿಡದ ಕೆಳಗೆ ಬಿಟ್ಟು ಹಿಂದೆ ಬಂದ ಟಂಟಂ ಆಟೋ ಹತ್ತಿದೆವು. ದಾರಿಯುದ್ದಕ್ಕೂ ಬೈಗುಳಕ್ಕಾಗಿ ಕಾದೆ. ಅವ್ವ ಬಲಗೈ ಮುಷ್ಟಿ ಕಟ್ಟಿ ಸೆರಗಿನೊಳಗೆ ಇಟ್ಟುಕೊಂಡಿದ್ದಳು.

ಡಂಬಳದಲ್ಲಿ ತಂಗಿ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಳು. ಸೀರೆಗೆ ಒಂದು ಕಿಡಿಯೂ ತಾಕಿರಲಿಲ್ಲ. ಉಡಿ ತುಂಬಲು ಅವ್ವ ಎಡಗೈಯಿಂದ ಅಕ್ಕಿ ತೆಗೆದುಕೊಂಡಳು. "ಎಡಗೈಲೆ ಉಡಿ ತುಂಬ್ತಾರೇನ್ರೀ ಬೀಗರ?" ಎಂದು ಯಾರೋ ಅಂದರು. ಅವ್ವ ಬಲಗೈ ಚಾಚಿದಳು. ತಂಗಿ ಅದನ್ನು ಹಿಡಿದುಕೊಂಡುಬಿಟ್ಟಳು.

"ಯವ್ವಾ, ಇದೇನಾತ ಬೇ?"

ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಬೊಬ್ಬೆ ಎದ್ದಿದ್ದವು. ಬೊಬ್ಬೆಯ ಮೇಲೆ ಸಣ್ಣ ಸಣ್ಣ ಕರಿ ಗುಂಡುಗಳು ಅಂಟಿದ್ದವು.

"ಮುಂಜಾನೆ ರೊಟ್ಟಿ ಹಂಚು ಮುಟ್ಟಿದ್ನೆವ್ವಾ" ಎಂದು ಅವ್ವ ನಕ್ಕು, ಅದೇ ಕೈಯಿಂದ ಐದು ಸಲ ಉಡಿ ತುಂಬಿದಳು.

ಆ ಕರಿ ಗುಂಡುಗಳು ಏನೆಂದು ನನಗೆ ಗೊತ್ತಾಯಿತು. ಊಟದ ಗದ್ದಲದಲ್ಲಿ ಅವಳನ್ನು ಹಿತ್ತಲಿಗೆ ಕರೆದೊಯ್ದು ಸೆರಗು ನೋಡಿದೆ. ಅಂಚಿಗುಂಟ ತೂತುಗಳು, ಒಂದೊಂದರ ಸುತ್ತಲೂ ಕರಗಿ ಗಟ್ಟಿಯಾದ ಪಾಲಿಸ್ಟರ್. ಎಣಿಸಲು ಹೋಗಿ ಬಿಟ್ಟೆ. ನಾನು ಕನ್ನಡಿ ನೋಡದೆ ಓಡಿಸುತ್ತಿದ್ದಾಗ ನನ್ನವ್ವ ಹಿಂದೆ ಕೂತು, ಸೆರಗಿಗೆ ಹತ್ತಿದ ಕಿಡಿಗಳನ್ನು ಒಂದೊಂದಾಗಿ ಬೆರಳಿನಿಂದ ಹೊಸಕಿ ಆರಿಸುತ್ತಿದ್ದಳು.

"ಹೇಳಬೇಕಿಲ್ಲೇನವ್ವಾ? ಬೆಂಕಿ ಹತ್ತೇತಿ ಅಂತ ಒದರಬೇಕಿಲ್ಲೇನು?"

"ನಿನಗ? ಹಿಂದ ಬೆಂಕಿ ಐತಿ ಅಂದಿದ್ರ ಹ್ಯಾಂಡಲ್ ಬಿಟ್ಟು ಎರಡೂ ಕೈ ಎತ್ತತಿದ್ದಿ ನೀ. ಇಬ್ಬರೂ ಲಾರಿ ಬುಡಕ ಹೋಗತಿದ್ವಿ." ಬೆರಳಿಗೆ ಊದಿಕೊಂಡಳು. "ಎರಡ ಸಲ ಕೇಳಿದ್ನೆಲ್ಲೋ. ನೀನಾ ನಿಲ್ಲಸ್ತಿ ಅಂತ ಕಾಯ್ಕೋತ ಕುಂತಿದ್ದೆ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವ್ವನ ಬಾಯಿಗೆ ಅಂಜಿದಷ್ಟು ನಾನು ಅವ್ವನ ಜೀವಕ್ಕೆ ಅಂಜಿರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಆ ತಿಂಗಳು ಮಗ್ಗದ ಮೇಲಿನ ಹಾಸು, ಅಂದರೆ ಉದ್ದೆಳೆಗಳು, ಮುಗಿದು ಹೊಸದನ್ನು ಹೂಡಬೇಕಾಯಿತು. ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು ಕೂಡಿಸಬೇಕು, ಸಾವಿರಾರು ಎಳೆ. ಅವ್ವನ ಬೆರಳು ಇನ್ನೂ ಮಾಗಿರಲಿಲ್ಲ. ಪ್ರೆಸ್ಸಿಗೆ ರಜೆ ಹಾಕಿ ನಾನೇ ಕೂತೆ. "ಅದು ಬಿಗಿಯಾಗಿಲ್ಲ, ಇದು ಬಿಚ್ಚತೈತಿ, ಏನ್ ಕೈಯಲೇ ಇವು" ಎಂದು ಪಕ್ಕದಲ್ಲೇ ಕೂತು ಬಾಯಿತುಂಬ ಬೈದಳು. ಎಷ್ಟೋ ದಿನದ ಮೇಲೆ ಅವಳ ಬೈಗುಳ ಕೇಳಿ ಜೀವ ತಂಪಾಯಿತು.

ಬೈಕಿಗೆ ಆಮೇಲೆ ಕಂಪನಿಯ ಸೈಲೆನ್ಸರನ್ನೇ ಹಾಕಿಸಿದೆ. ತಂಗಿಗೆ ಡಂಬಳದಲ್ಲೇ ಹೆರಿಗೆಯಾದಾಗ ಕೂಸನ್ನು ನೋಡಲು ಮತ್ತೆ ಅದೇ ರಸ್ತೆಯಲ್ಲಿ ಹೊರಟೆವು. ಬಸ್ಸಿಗೆ ಹೋಗೋಣ ಎಂದು ನಾನು ಎಷ್ಟು ಹೇಳಿದರೂ ಅವ್ವ ಕೇಳದೆ ಹಿಂದೆ ಹತ್ತಿ ಕೂತಳು. ಗದಗ ದಾಟಿದ ಮೇಲೆ ಸುಟ್ಟ ವಾಸನೆ ಬಂತು. ಅವಳು ಏನೂ ಕೇಳುವ ಮೊದಲೇ ಬೈಕು ಬದಿಗೆ ನಿಲ್ಲಿಸಿ, ಅವಳನ್ನು ಇಳಿಸಿ, ಹಿಂದೆ ಹೋಗಿ ಬಗ್ಗಿ ನೋಡಿದೆ. ಅವಳ ಸೆರಗನ್ನೂ ಹಿಡಿದು ನೋಡಿದೆ.

"ಏನ್ಲೇ?" ಎಂದಳು.

"ಏನಿಲ್ಲವ್ವಾ."

ಆಚೆಯ ಹೊಲದಲ್ಲಿ ಯಾರೋ ಖರೇನೇ ಕಸ ಸುಡುತ್ತಿದ್ದರು. ಅವ್ವ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಮತ್ತೆ ಹತ್ತಿ ಕೂತು ಹೆಗಲ ಮೇಲೆ ಬಲಗೈ ಇಟ್ಟಳು. ದಾರಿಯುದ್ದಕ್ಕೂ ಆ ಕೈ ಅಲ್ಲೇ ಇದೆಯೇ ಎಂದು ಕನ್ನಡಿಯಲ್ಲಿ ನೋಡುತ್ತಾ ಹೋದೆ.