ಹಸಿರು ಟಿಕ್ ನಂಬಿ ತರಿಸಿದ ಬ್ರೇಕ್ ಪ್ಯಾಡು

ನನ್ನ ಬೈಕಿನ ಮುಂದಿನ ಬ್ರೇಕು ಕಿರುಗುಟ್ಟತೊಡಗಿದಾಗ ನಾನಿರುವ ಈ ಗಲ್ಫ್ ದೇಶದ ಸೆಗಯಾ ಬಡಾವಣೆಯ ಗ್ಯಾರೇಜಿನವನು, ಪ್ಯಾಡು ಸವೆದಿದೆ, ಇಷ್ಟು ಹಳೆಯ ಮಾಡೆಲಿನದು ತನ್ನಲ್ಲಿಲ್ಲ ಎಂದ. ಈಸಾ ಟೌನಿನಲ್ಲಿರುವ ನನ್ನ ಹೆಂಡತಿಯ ಅಣ್ಣನಿಗೆ ಉಪದೇಶಕ್ಕೆ ಅಷ್ಟೇ ಸಾಕಾಯಿತು. ಅವರು ಕಂಪನಿಯೊಂದರ ಮ್ಯಾನೇಜರು. ಜನ್ಮದಲ್ಲಿ ಬೈಕು ಹತ್ತಿದವರಲ್ಲ. "ಅಂಗಡಿ ಸುತ್ತುವ ಕಾಲ ಹೋಯ್ತು ಭಾವ, ಆನ್‌ಲೈನಿನಲ್ಲಿ ಸಿಗದ್ದು ಉಂಟಾ?" ಎಂದರು.

ಸಿಕ್ಕಿತು, ನಿಜ. ಬಿಡಿಭಾಗಗಳ ಆ ವೆಬ್‌ಸೈಟು ಬೈಕಿನ ಹೆಸರು, ವರ್ಷ, ಚಾಸಿ ನಂಬರು, ಹೀಗೆ ಜಾತಕವೊಂದನ್ನು ಬಿಟ್ಟು ಎಲ್ಲವನ್ನೂ ಕೇಳಿತು. ಕೊನೆಗೆ ಹಸಿರು ಟಿಕ್ ಹಾಕಿ, 'ನಿಮ್ಮ ಬೈಕಿಗೆ ಹೊಂದುತ್ತದೆ' ಎಂದು ಘೋಷಿಸಿತು. ಬಂದದ್ದು ಅದೇ ಬೈಕಿನ ಹೊಸ ಮಾಡೆಲಿನ ಪ್ಯಾಡು. ಗ್ಯಾರೇಜಿನವನು ಇಟ್ಟು ನೋಡಿ, ನಕ್ಕು ಕೈಗೆ ಕೊಟ್ಟ.

ದೂರು ಬರೆದೆ. ಕಸ್ಟಮರ್ ಕೇರಿನವರಿಗೆ ಬಹಳ ದುಃಖವಾಯಿತಂತೆ. ಫೋಟೋ ಕೇಳಿದರು, ಕೊಟ್ಟೆ. ಪೊಟ್ಟಣದ ಫೋಟೋ ಕೇಳಿದರು, ಅದನ್ನೂ ಕೊಟ್ಟೆ. ಆಮೇಲೆ, ಪೊಟ್ಟಣ ಒಡೆದಿದ್ದೀರಿ, ವಾಪಸು ತಗೊಳ್ಳುವುದಿಲ್ಲ ಎಂದರು. ಒಡೆಯದೆ ಒಳಗಿನದು ತಪ್ಪೆಂದು ತಿಳಿಯುವ ದಿವ್ಯದೃಷ್ಟಿ ಅವರ ಉಳಿದ ಗಿರಾಕಿಗಳಿಗೆ ಇತ್ತೋ ಏನೋ.

ಬೇಸತ್ತು, ಹಳೆ ಸಾಮಾನು ಮಾರುವ ಇನ್ನೊಂದು ಸೈಟಿನಲ್ಲಿ ಅದನ್ನು ಮಾರಾಟಕ್ಕಿಟ್ಟೆ. ಅಲ್ಲಿಯದು ಬೇರೆಯೇ ಜಾತ್ರೆ. ಒಬ್ಬ ಅದು ತನ್ನ ಕಾರಿಗಾದೀತೇ ಎಂದು ವಿಚಾರಿಸಿದ. ಇನ್ನೊಬ್ಬ 'ಲಾಸ್ಟ್ ಪ್ರೈಸ್?' ಎಂದಷ್ಟೇ ಬರೆದು ಮಾಯವಾದ. ಒಬ್ಬರು ಮಾತ್ರ ನೆಟ್ಟಗಿನ ಇಂಗ್ಲಿಷಿನಲ್ಲಿ, ಶುಕ್ರವಾರ ಬೆಳಿಗ್ಗೆ ಸನದ್ ಬಡಾವಣೆಯಲ್ಲಿ, ಇಲ್ಲಿನವರು ಕೋಲ್ಡ್ ಸ್ಟೋರ್ ಎನ್ನುವ ದಿನಸಿ ಅಂಗಡಿಯೊಂದರ ಮುಂದೆ ಸಿಗಬಹುದೇ ಎಂದು ಕೇಳಿದರು.

ಬಸ್ಸಿನಲ್ಲಿ ಹೋದೆ. ಟ್ಯಾಕ್ಸಿಯಿಂದ ಇಳಿದವರು ಡ್ಯೂಟಿ ಮುಗಿಸಿ ಬಂದ ಒಬ್ಬ ನರ್ಸ್. ಪ್ಯಾಡನ್ನು ತಿರುಗಿಸಿ ನೋಡಿದವರೇ, "ಇದೇ ಮಾರಾಯ್ರೆ ನಂಗೆ ಬೇಕಾದ್ದು" ಎಂದುಬಿಟ್ಟರು. ಕನ್ನಡದಲ್ಲಿ. ಊರು ಶಿರ್ವದ ಕಡೆಯಂತೆ. ಅವರದು ನನ್ನದೇ ಬೈಕಿನ ಹೊಸ ಮಾಡೆಲು.

ಇದನ್ನೇಕೆ ಮಾರುತ್ತಿದ್ದೀರಿ ಎಂದು ಕೇಳಿದರು. ಹಸಿರು ಟಿಕ್ಕಿನ ಕಥೆ ಹೇಳಿದೆ. ಅವರು ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದರು. ಅದೇ ಸೈಟಿನ ಮುದ್ರೆ. ಒಳಗೆ ನನ್ನ ಹಳೆ ಮಾಡೆಲಿನ ಪ್ಯಾಡು! ಅವರಿಗೂ ಅದೇ ಟಿಕ್ಕು, ಅದೇ ದುಃಖ, ಅದೇ ಉತ್ತರ. ಅಳತೆಗೆ ಹೋಲಿಸಲೆಂದು ಜೊತೆಗೆ ತಂದಿದ್ದರು.

"ಅವ್ರನ್ನ ನಂಬಿ ಹೇಗಾದ್ರೂ ಕೂರಿಸ್ಕೊಂಡಿದ್ರೆ ನೀವು ಸೀದಾ ನಮ್ಮ ಆಸ್ಪತ್ರೆಗೇ ಬರ್ತಿದ್ರಿ" ಎಂದರು.

ಬಿಸಿಲಿನಲ್ಲಿ ನಿಂತು ಇಬ್ಬರೂ ಮನಸಾರೆ ಆ ಸೈಟಿನವರನ್ನು ಬೈದೆವು. ಇಂಗ್ಲಿಷಿನಲ್ಲಿ ಬರೆದ ಯಾವ ದೂರಿನಲ್ಲೂ ಸಿಗದ ಸುಖ ಅದರಲ್ಲಿತ್ತು. ಪೊಟ್ಟಣ ಬದಲಾಯಿಸಿಕೊಂಡೆವು. ಸಂಜೆ ಗ್ಯಾರೇಜಿನಲ್ಲಿ ಪ್ಯಾಡು ಸರಿಯಾಗಿ ಕೂತಿತು. ಫೋಟೋ ಕಳಿಸಿದೆ. ತಮ್ಮದೂ ಕೂತಿತೆಂದು ಅವರು ಬರೆದರು, ಈ ಸಲ ಕನ್ನಡದಲ್ಲಿ.