ಆಷಾಢದಲ್ಲಿ ನೋಡಿದ ಬಾಡಿಗೆ ಮನೆ

ಬಾಡಿಗೆ ಮನೆ ಹುಡುಕುವವರಿಗೆ ನಾನು ಈಗಲೂ ಮೊದಲು ಹೇಳುವುದು ಇದೇ: ಆಷಾಢದಲ್ಲಿ ಹುಡುಕಿ. ನಮ್ಮ ಕಡೆ ಆ ತಿಂಗಳು ಯಾರೂ ಮನೆ ಬದಲಾಯಿಸುವುದಿಲ್ಲ. ಹಾಗಾಗಿ ಖಾಲಿ ಮನೆಯವರು ಬಂದವರಿಗೆ ಕುರ್ಚಿ ಹಾಕಿ ಕೂರಿಸುತ್ತಾರೆ. ಮಾತು ಆಷಾಢದಲ್ಲಿ ಮುಗಿಸಿ, ಹಾಲು ಶ್ರಾವಣದಲ್ಲಿ ಉಕ್ಕಿಸಿ. ಚಾಮರಾಜನಗರದಲ್ಲಿ ನಾನು ಮೊದಲ ಮನೆ ಹಿಡಿದದ್ದು ಹೀಗೆಯೇ.

ಹರವೆಯಿಂದ ಬಂದು ಬಾಳೆಗೊನೆ ವ್ಯಾಪಾರ ಶುರು ಮಾಡಿದ್ದ ಕಾಲ. ಹೆಂಡತಿ ಬಾಣಂತನ ಮುಗಿಸಿ ಇನ್ನೂ ತೆರಕಣಾಂಬಿಯ ತವರಲ್ಲೇ ಇದ್ದಳು. ಪೇಟೆಗೆ ಬರಲು ಅವಳದು ಒಂದೇ ಷರತ್ತು. "ಮಗ ಮಲಗಕ್ಕೆ ಸದ್ದಿಲ್ದಿರೋ ಮನೆ ನೋಡಿ. ಇಲ್ದಿದ್ರೆ ನಾ ಇಲ್ಲೇ ಇರ್ತಿನಿ."

ಆ ಬೀದಿ ನೋಡಿದೊಡನೆ ಮನಸ್ಸಾಯಿತು. ಬೋರ್ಡು ಬರೆಯುವವರ ಗೋಡೆಗೆ ಒರಗಿಸಿದ ಹಸಿ ಬಣ್ಣದ ಹಲಗೆಗಳು. ಎದುರು ಮಹಡಿಯಿಂದ ಇಳಿಬಿಟ್ಟು ಒಣಗಿಸುತ್ತಿದ್ದ ನಾಟಕದ ಪರದೆ. ಅದರಲ್ಲೊಂದು ಅರಮನೆ, ಆ ಬಣ್ಣದ ಬಾಗಿಲಿಗೆ ಸರಿಯಾಗಿ ಬೀದಿಯಲ್ಲಿ ಕಟ್ಟಿಹಾಕಿದ ನಿಜವಾದ ಮೇಕೆ. ಬಣ್ಣ ಬೇಕಾದಷ್ಟು, ಸದ್ದು ಚೂರೂ ಇಲ್ಲ.

ಮನೆಯ ಮಾಲೀಕರು ವಯಸ್ಸಾದ ಸಾಬರು. ಕೆಳಗೆ ಅವರ ಅಂಗಡಿ, ಶಟರ್ ಮುಚ್ಚಿತ್ತು, ಮಹಡಿ ಬಾಡಿಗೆಗೆ. ನಾನು ಮೆಟ್ಟಿಲು ಕಡಿದು ಅಂದೆ, ಅಡಿಗೆಮನೆ ಕತ್ತಲು ಅಂದೆ, ನಲ್ಲಿ ಸೋರುತ್ತದೆ ಅಂದೆ. ಒಂದೊಂದಕ್ಕೂ ಅವರು ಬಾಡಿಗೆ ಇಳಿಸಿದರು. ಗೆದ್ದ ಖುಷಿಯಲ್ಲಿ ಶಟರ್ ಹಿಂದೆ ಏನಿದೆ ಎಂದು ಕೇಳಲೇ ಇಲ್ಲ.

ಶ್ರಾವಣದ ಮೊದಲ ಶುಕ್ರವಾರ ಹಾಲು ಉಕ್ಕುತ್ತಿದ್ದಂತೆಯೇ ಕೆಳಗಿನ ಶಟರ್ ಮೇಲೆದ್ದಿತು. ಡ್ರಮ್ಮು, ಟ್ರಂಪೆಟ್ಟು, ಕ್ಲಾರಿನೆಟ್ಟು ಎಲ್ಲವೂ ಒಟ್ಟಿಗೆ ಬಾಯಿಬಿಟ್ಟವು. ತವರಿನಿಂದ ಬಂದಿದ್ದ ಹೆಂಡತಿಯ ಮುಖ ಅರಳಿತು.

"ಅಯ್ಯೋ, ಬ್ಯಾಂಡ್ ಸೆಟ್ನೋರಿಗೂ ಏಳಿದ್ರಾ? ಯಾಕೆ ಸುಮ್ನೆ ಖರ್ಚು?"

ನಾನು ಉಕ್ಕಿದ ಹಾಲನ್ನು ಲೋಟಕ್ಕೆ ಬಗ್ಗಿಸತೊಡಗಿದೆ. ಮದುವೆಯಿಲ್ಲದ ಆಷಾಢದಲ್ಲಿ ಬ್ಯಾಂಡಿನವರಿಗೂ ರಜೆ ಎಂಬುದು ನನಗೆ ಹೊಳೆದದ್ದು ಆಗ. ಸಾಬರೇ ಬ್ಯಾಂಡ್ ಮಾಸ್ಟರು.

ಮಾರನೆಯ ದಿನವೂ ಶಟರ್ ಎದ್ದಾಗ ಅವಳಿಗೂ ಹೊಳೆಯಿತು. ಮಗು ಕಿರುಚುತ್ತಿತ್ತು. ಅವಳು ಟ್ರಂಕಿಗೆ ಬಟ್ಟೆ ತುಂಬತೊಡಗಿದಳು.

"ಗೊನೆ ತಗವಾಗ ಒಂದೊಂದು ಕಾಯೂ ಅದುಮಿ ನೋಡ್ತಿರಿ. ಮನೆ ತಗವಾಗ ಕೆಳಗೇನದೆ ಅಂತ ನೋಡ್ನಿಲ್ವಾ?"

"ತಡಿ, ಮಾತಾಡಿ ಬತ್ತಿನಿ."

"ನೀವು ಮಾತಾಡಿದ್ದು ಸಾಕು," ಎಂದು ಮಗುವನ್ನೆತ್ತಿಕೊಂಡು ತಾನೇ ಇಳಿದಳು.

ನಾನು ಮೆಟ್ಟಿಲಲ್ಲೇ ನಿಂತೆ. ಅಂದು ಅವಳು ತೆರಕಣಾಂಬಿ ಬಸ್ಸು ಹತ್ತಿದ್ದರೆ ಮತ್ತೆ ಕರೆತರುವುದು ನನ್ನಿಂದ ಆಗುತ್ತಿರಲಿಲ್ಲ.

"ಊದೋದು ನಿಲ್ಸಿದ್ರೆ ನಮ್ಮ ಹೊಟ್ಟೆಗೇನು ಬೇಟಿ?" ಎಂದರು ಸಾಬರು.

"ನಿಲ್ಸಿ ಅಂತ ಯಾರಂದ್ರು?" ಎನ್ನುತ್ತಾ ಅವಳು ಹೆಗಲ ಮೇಲಿದ್ದ ಮಗುವಿನ ಬಟ್ಟೆಯನ್ನು ಟ್ರಂಪೆಟ್ಟಿನೊಳಕ್ಕೆ ತುರುಕಿದಳು. "ಈಗ ಊದಿ."

ಕಂಬಳಿ ಹೊದ್ದ ಎಮ್ಮೆ ಗೊಣಗಿದಂತಾಯಿತು. ಎಲ್ಲರೂ ನಕ್ಕರು. ಮಗು ಅಳು ನಿಲ್ಲಿಸಿ ಕಣ್ಣರಳಿಸಿತು.

ವ್ಯಾಪಾರ ಕುದುರಿತು. ಮಗು ಮಲಗಿರುವಷ್ಟು ಹೊತ್ತು ಬಟ್ಟೆ ತುರುಕಿಯೇ ಅಭ್ಯಾಸ, ಡ್ರಮ್ಮು ಬರೀ ಬೆರಳಲ್ಲಿ; ಬದಲಿಗೆ ಅವರ ಕೆಂಪು ಕೋಟುಗಳ ಕಿತ್ತ ಜರಿಪಟ್ಟಿಯನ್ನೆಲ್ಲ ಇವಳು ಹೊಲಿದುಕೊಡುವುದು. ಅವಳ ಹೊಲಿಗೆ ಮಿಷನ್ನು ತವರಿನಿಂದ ಬಸ್ಸಿನ ಮೇಲೆ ಬಂದಿಳಿದಾಗಲೇ ನನಗೆ ಉಸಿರು ಬಂದದ್ದು.

ಒಮ್ಮೆ ಉಮ್ಮತ್ತೂರಿನ ಮದುವೆಯಲ್ಲಿ ಧಾರೆಯ ಹೊತ್ತಿಗೆ ಟ್ರಂಪೆಟ್ಟು ಗೊಣಗಿತೇ ಹೊರತು ಕೂಗಲಿಲ್ಲವಂತೆ. ಒಳಗೆ ಕೈಹಾಕಿ ಎಳೆದರೆ ನಮ್ಮ ಮಗುವಿನ ಬಟ್ಟೆ! "ಶುಭಶಕುನ ಅಂತ ಗಂಡಿನ ಕಡೆಯೋರು ಕುಣಿದ್ಬುಟ್ರು ಬೇಟಿ," ಎಂದು ಸಾಬರು ಅದನ್ನು ಒಗೆದು, ಮಡಿಸಿ ತಂದುಕೊಟ್ಟರು.

ಈಗ ಗುಂಡ್ಲುಪೇಟೆಯಲ್ಲಿ ಸ್ವಂತ ಮನೆ. ಮಧ್ಯಾಹ್ನ ಗಡಿಯಾರದ ಸದ್ದು ಕೇಳುತ್ತದೆ, ಅಷ್ಟು ನಿಶ್ಶಬ್ದ. ಮನೆ ಹಿಡಿಯುವ ಮುಂಚೆ ಕೆಳಗಿನ ಶಟರ್ ಎತ್ತಿಸಿ ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ. ನಾನು ಎತ್ತಿಸಿದ್ದರೆ ಆ ಮನೆ ಹಿಡಿಯುತ್ತಲೇ ಇರಲಿಲ್ಲ.

ಈ ಮನೆ ತಯಾರಾದಾಗ ಆಷಾಢ ಹತ್ತಿರವಿತ್ತು. ಅದಕ್ಕೆ ಮುಂಚೆ ಸಾಮಾನು ಸಾಗಿಸಲು ಆಗಲಿಲ್ಲ. ಆಷಾಢವಾದರೂ ಸರಿ, ಸುಮ್ಮನೆ ಇನ್ನೊಂದು ತಿಂಗಳ ಬಾಡಿಗೆ ಯಾಕೆ ಎಂದು ನಾನು ಲೆಕ್ಕ ಹಾಕಿದರೆ, ಅವಳು ಒಪ್ಪಲಿಲ್ಲ.

"ಮುಚ್ಚಿದ ಶಟರ್ ನೋಡ್ಕಂಡು ನಾ ಓಗಕಿಲ್ಲ ಕಣಿ."

ಶ್ರಾವಣದಲ್ಲೇ ಹೊರಟೆವು. ಸಾಬರು ಬಟ್ಟೆ ತುರುಕದೆ, ಎದೆ ತುಂಬಿ ಊದಿದರು. ನಾನು ಅಂದು ನಿಂತಿದ್ದ ಮೆಟ್ಟಿಲಲ್ಲಿ ಅವಳು ಕೂತಿದ್ದಳು. ಲಾರಿಯವನು ಹಾರನ್ ಹೊಡೆದರೂ ಏಳಲಿಲ್ಲ.